ವರ್ಷಕ್ಕೊಮ್ಮೆ ಬರುವ ಅಡಿಕೆ ದುಡ್ಡು, ತಿಂಗಳಿಗೊಮ್ಮೆ ಬರುವ ಕಾರ್ಡ್ ಬಿಲ್ಲು: ನಾಲ್ಕು ಗಡುವು ತಪ್ಪಿದ ಮೇಲೆ ಏನು ಮಾಡಲಿ?

ಹೊಸನಗರದ ತೋಟದವನು · 21 ಜುಲೈ 2024

ಎಲ್ಲರಿಗೂ ನಮಸ್ಕಾರ. ಅಡಿಕೆ ಧಾರಣೆ ಮತ್ತು ಎಲೆಚುಕ್ಕಿ ರೋಗದ ಬಗ್ಗೆ ನೀವೆಲ್ಲ ಬರೆಯುವುದನ್ನು ಎರಡು ವರ್ಷದಿಂದ ಓದುತ್ತಿದ್ದೇನೆ. ಇಂದು ಕೇಳುತ್ತಿರುವುದು ಬೇರೆ ವಿಷಯ. ಊರಿನಲ್ಲಿ ಯಾರ ಎದುರೂ ಬಾಯಿ ಬಿಡಲು ಆಗದೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಒಂದೂವರೆ ಎಕರೆ ತೋಟ. 2021ರವರೆಗೆ ಬೆಂಗಳೂರಿನಲ್ಲಿದ್ದೆ, ಈಗ ರಿಪ್ಪನ್‌ಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಬಳ 22,000. ಬೆಂಗಳೂರಿನ ಕಾಲದಲ್ಲಿ ತೆಗೆದುಕೊಂಡ ಎರಡು ಕ್ರೆಡಿಟ್ ಕಾರ್ಡುಗಳು ನನ್ನ ಬಳಿ ಇವೆ. ಕಳೆದ ನವೆಂಬರಿನಲ್ಲಿ ಅಪ್ಪನಿಗೆ ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕೈಯಲ್ಲಿ ದುಡ್ಡಿರಲಿಲ್ಲ, ಕಾರ್ಡ್ ಉಜ್ಜಿದೆ. ಕೊಯ್ಲು ಮುಗಿದರೆ ಒಂದೇ ಏಟಿಗೆ ಕಟ್ಟಿಬಿಡಬಹುದು ಎಂಬ ಧೈರ್ಯವಿತ್ತು. ಎಲೆಚುಕ್ಕಿಗೆ ಫಸಲು ಅರ್ಧಕ್ಕೆ ಇಳಿಯಿತು. ಬಂದದ್ದು ಕೂಲಿಗೆ, ಔಷಧಿಗೆ, ಮಗಳ ಶುಲ್ಕಕ್ಕೆ ಸರಿಹೋಯಿತು.

ಮೊದಲ ಕಾರ್ಡಿನಲ್ಲಿ ಈಗ 1,12,000 ಬಾಕಿ. ಮಾರ್ಚ್‌ನಿಂದ ನಾಲ್ಕು ಗಡುವು ತಪ್ಪಿದೆ. ಎರಡನೆಯದರಲ್ಲಿ 68,000, ಎರಡು ಗಡುವು ತಪ್ಪಿದೆ. ಅದರಲ್ಲಿ ಒಂದು ಸಲ ಕಟ್ಟಲು ಹಣ ಇಟ್ಟುಕೊಂಡಿದ್ದೆ. ಗಾಳಿಮಳೆಗೆ ನಾಲ್ಕು ದಿನ ಕರೆಂಟ್ ಇರಲಿಲ್ಲ, ಟವರ್ ಕೂಡ ಸತ್ತಿತ್ತು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದೇ ಇಲ್ಲ. ಗುಡ್ಡದ ಮೇಲಿನ ಹಲಸಿನ ಮರದ ಬುಡಕ್ಕೆ ಹೋಗಿ ನಿಂತರೆ ಎರಡು ಗೆರೆ ಬರುತ್ತದೆ. ಕೊಡೆ ಹಿಡಿದು ಅಲ್ಲಿ ಅರ್ಧ ಗಂಟೆ ನಿಂತೆ, ಒಟಿಪಿ ಬರಲಿಲ್ಲ.

ಈಗ ವಸೂಲಿಯವರು ರಾತ್ರಿ ಒಂಬತ್ತಕ್ಕೂ ಕರೆ ಮಾಡುತ್ತಾರೆ. ಮೊನ್ನೆ ನನ್ನ ಭಾವನಿಗೇ ಮಾಡಿದರು. 60,000 ಕಟ್ಟಿದರೆ ಮೊದಲ ಕಾರ್ಡಿನ ಸಾಲ ಸೆಟ್ಲ್‌ಮೆಂಟ್ ಮಾಡಿ ಮುಗಿಸುತ್ತೇವೆ ಎನ್ನುತ್ತಾರೆ. ಅರ್ಧಕ್ಕರ್ಧ ಬಿಟ್ಟುಬಿಡುತ್ತಾರೆ ಎಂದು ಮನಸ್ಸು ವಾಲುತ್ತಿದೆ. ಒಪ್ಪಲೇ? ಎರಡು ವರ್ಷದಲ್ಲಿ ಮಗಳು ಪಿಯುಸಿ ಮುಗಿಸುತ್ತಾಳೆ, ಶಿಕ್ಷಣ ಸಾಲ ಬೇಕಾಗುತ್ತದೆ. ನನ್ನ ತಪ್ಪಿನಿಂದ ಅವಳಿಗೆ ಸಾಲ ಸಿಗದೆ ಹೋಗುತ್ತದೆಯೇ ಎಂಬುದೇ ನಿದ್ದೆಗೆಡಿಸಿದೆ.

ತೀರ್ಥಹಳ್ಳಿ ಬೆಳೆಗಾರ · 21 ಜುಲೈ 2024

ತಮ್ಮಾ, ಮೊದಲು ಅಪ್ಪನ ಆರೋಗ್ಯ ಹೇಗಿದೆ, ಅದನ್ನು ಬರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ತೋಟದವರಿಗೆ ಕಾರ್ಡ್ ಸಲ್ಲದು. ನಮಗೆ ದುಡ್ಡು ಬರುವುದು ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆ, ಅದೂ ಧಾರಣೆ ನೋಡಿಕೊಂಡು. ಕಾರ್ಡಿನವನಿಗೆ ಪ್ರತಿ ತಿಂಗಳು ಅದೇ ತಾರೀಖಿಗೆ ಬೇಕು. ಇವೆರಡೂ ಎಂದಿಗೂ ಹೊಂದುವುದಿಲ್ಲ. ಈ ವರ್ಷದ ಫಸಲನ್ನು ಈಗಲೇ ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಟ್ಟು ಮುಂಗಡ ತೆಗೆದುಕೋ, ಎರಡೂ ಕಾರ್ಡ್ ತೀರಿಸಿ ಕತ್ತರಿಸಿ ಒಲೆಗೆ ಹಾಕು.

ಸಾಗರದ ನಿವೃತ್ತ ಗುಮಾಸ್ತ · 22 ಜುಲೈ 2024

ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು ನಾನು, ಕೊನೆಯ ಎಂಟು ವರ್ಷ ಸಾಲದ ಮೇಜಿನಲ್ಲೇ. ನಿಮ್ಮಂತೆ ಎದುರಿಗೆ ಕುಳಿತು ದನಿ ತಗ್ಗಿಸಿ ಮಾತನಾಡಿದವರನ್ನು ಬಹಳ ಮಂದಿ ನೋಡಿದ್ದೇನೆ. ನಾಚಿಕೆಪಟ್ಟು ಆರು ತಿಂಗಳು ತಡವಾಗಿ ಬಂದವರೇ ಹೆಚ್ಚು ಕಳೆದುಕೊಂಡರು. ನೀವು ನಾಲ್ಕನೆಯ ತಿಂಗಳಿಗೆ ಕೇಳಿದ್ದೀರಿ. ಕೈಮೀರಿಲ್ಲ.

60,000ದ ಮಾತಿಗೆ ಒಪ್ಪಬೇಡಿ. ಕನಿಷ್ಠ ಈಗಲೇ ಒಪ್ಪಬೇಡಿ. ಹೀಗೆ ಮುಗಿಸಿದ ಸಾಲ ನಿಮ್ಮ ಕ್ರೆಡಿಟ್ ವರದಿಯಲ್ಲಿ, ಅಂದರೆ ನೀವು ಸಾಲ ತೀರಿಸಿದ ಬಗೆಯ ದಾಖಲೆಯಲ್ಲಿ, 'ಕ್ಲೋಸ್ಡ್' ಎಂದು ಬರುವುದಿಲ್ಲ, 'ಸೆಟಲ್ಡ್' ಎಂದು ಬರುತ್ತದೆ. ಕೇಳಲು ಎರಡೂ ಒಂದೇ ಎನ್ನಿಸಬಹುದು. ಸಾಲದ ಅರ್ಜಿ ನೋಡುವವನ ಕಣ್ಣಿಗೆ ಮೊದಲನೆಯದು ತೀರಿಸಿದವನು, ಎರಡನೆಯದು ಪೂರ್ತಿ ತೀರಿಸದವನು. ಆ ಗುರುತು ವರ್ಷಗಟ್ಟಲೆ ಅಲ್ಲೇ ಕುಳಿತಿರುತ್ತದೆ. ಶಿಕ್ಷಣ ಸಾಲದಲ್ಲಿ ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಹಾಕುತ್ತಾರೆ, ಆಗ ನಿಮ್ಮ ವರದಿಯನ್ನೂ ತೆರೆಯುತ್ತಾರೆ. ಉಳಿಸಿದ 52,000 ಮಗಳ ಕಡತದಲ್ಲಿ ಎದುರಾಗುತ್ತದೆ.

ಈಗ ಬಡ್ಡಿ. ನಿಮ್ಮ ಬಿಲ್ಲಿನ ಸಣ್ಣಕ್ಷರದಲ್ಲಿ ತಿಂಗಳಿಗೆ ಎಷ್ಟು ಎಂದು ಬರೆದಿರುತ್ತದೆ, ನೋಡಿ ತಿಳಿಸಿ. ಶೇ. 3.5 ಎಂದು ಇಟ್ಟುಕೊಂಡರೆ 1,12,000ಕ್ಕೆ ತಿಂಗಳ ಬಡ್ಡಿ 3,920. ಅದರ ಮೇಲೆ ಶೇ. 18 ಜಿಎಸ್‌ಟಿ, ಸುಮಾರು 705. ಒಟ್ಟು 4,600 ದಾಟಿತು. ಕನಿಷ್ಠ ಮೊತ್ತ ಶೇ. 5 ಎಂದರೆ 5,600. ಅದನ್ನು ಪ್ರತಿ ತಿಂಗಳು ತಪ್ಪದೆ ಕಟ್ಟುವವನ ಅಸಲು ಕರಗುವುದು ಒಂದು ಸಾವಿರಕ್ಕಿಂತ ಕಡಿಮೆ. ಜೊತೆಗೆ, ಪೂರ್ತಿ ಬಿಲ್ಲು ಕಟ್ಟದಿದ್ದರೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಖರೀದಿಸಿದ ದಿನದಿಂದಲೇ ಬಡ್ಡಿ ಓಡುತ್ತದೆ. ಆದ್ದರಿಂದ ಇವತ್ತಿನಿಂದ ಎರಡೂ ಕಾರ್ಡಿನಲ್ಲಿ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ತೀರ್ಥಹಳ್ಳಿಯವರು ಹೇಳಿದ ಚೇಣಿ ಮುಂಗಡಕ್ಕೆ ನನ್ನ ಒಪ್ಪಿಗೆಯಿಲ್ಲ. ಜುಲೈನಲ್ಲಿ, ಕೊಳೆರೋಗದ ಭಯ ಇನ್ನೂ ಇರುವಾಗ, ದುಡ್ಡಿನ ತುರ್ತಿನಲ್ಲಿ ಕೊಡುವವನ ತೋಟಕ್ಕೆ ಚೇಣಿದಾರ ಯಾವ ಬೆಲೆ ಕಟ್ಟುತ್ತಾನೆ? ಅದೂ ಒಂದು ಬಡ್ಡಿಯೇ, ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ ಅಷ್ಟೆ. ಮನೆಯಲ್ಲಿ ಒಡವೆ ಇದೆಯೇ? ಇದ್ದರೆ ಮುಂದೆ ಮಾತನಾಡೋಣ.

ತೀರ್ಥಹಳ್ಳಿ ಬೆಳೆಗಾರ · 22 ಜುಲೈ 2024

ಸರ್, ಚೇಣಿಯ ಮಾತು ಒಪ್ಪುತ್ತೇನೆ, ಈ ತಿಂಗಳಲ್ಲಿ ಒಳ್ಳೆಯ ಬೆಲೆ ಹುಟ್ಟುವುದಿಲ್ಲ. ಹಾಗಾದರೆ ಸೊಸೈಟಿಯ ಬೆಳೆ ಸಾಲ ತೆಗೆದು ಕಾರ್ಡಿಗೆ ಕಟ್ಟಿದರೆ? 5 ಲಕ್ಷದವರೆಗೆ ಶೂನ್ಯ ಬಡ್ಡಿ ಇದೆಯಲ್ಲ.

ಸಾಗರದ ನಿವೃತ್ತ ಗುಮಾಸ್ತ · 22 ಜುಲೈ 2024

ಬೇಡ. ಬೆಳೆ ಸಾಲ ಬೆಳೆಗೇ ಹೋಗಬೇಕು. ಔಷಧಿ ಹೊಡೆಸಲು ದುಡ್ಡಿಲ್ಲದೆ ಮುಂದಿನ ಫಸಲೂ ಕೈಬಿಟ್ಟರೆ ಎಲ್ಲಿಂದ ತೀರಿಸುತ್ತೀರಿ? ಗಡುವಿನೊಳಗೆ ತೀರಿಸಿದವರಿಗೆ ಮಾತ್ರ ಅದು ಶೂನ್ಯ ಬಡ್ಡಿ. ತಪ್ಪಿದರೆ ಆ ಸವಲತ್ತೂ ಹೋಗುತ್ತದೆ, ಸೊಸೈಟಿಯಲ್ಲಿ ಮುಖವೂ ಹೋಗುತ್ತದೆ.

ದುರ್ಗಿಗುಡಿಯ ದಾದಿ · 23 ಜುಲೈ 2024

ಹೊಸನಗರದ ಅಣ್ಣನಿಗೆ. ಸೆಟ್ಲ್‌ಮೆಂಟಿಗೆ ಒಪ್ಪಿದವಳ ಅನುಭವ ಕೇಳಿ.

2019ರಲ್ಲಿ ನನ್ನ ಕಾರ್ಡಿನ ಬಾಕಿ 71,000 ಆಗಿತ್ತು. ಆಗ ಸಂಬಳ ಸರಿಯಾಗಿ ಬರುತ್ತಿರಲಿಲ್ಲ. 40,000ಕ್ಕೆ ಮುಗಿಸುತ್ತೇವೆ ಎಂದರು. ಸಾಲದ ಹೊರೆ ಇಳಿಯಿತು ಎಂದು ಕಟ್ಟಿದೆ, ಅಂದು ಸಂಜೆ ಅಮ್ಮನಿಗೆ ಸಿಹಿ ತಂದುಕೊಟ್ಟೆ. 2022ರಲ್ಲಿ ಗೋಪಾಳದಲ್ಲಿ ಒಂದು ಸಣ್ಣ ಮನೆ ನೋಡಿ ಮೂರು ಕಡೆ ಸಾಲಕ್ಕೆ ಅರ್ಜಿ ಹಾಕಿದೆ. ಮೂರೂ ಕಡೆ ಇಲ್ಲ ಎಂದರು. ಮೂರನೆಯ ಕಡೆ ಒಬ್ಬ ಅಧಿಕಾರಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ ಆ ಒಂದು ಪದದ ಮೇಲೆ ಬೆರಳಿಟ್ಟರು. ಅಲ್ಲಿಯವರೆಗೆ ನನಗೆ ಯಾರೂ ಅದನ್ನು ತೋರಿಸಿರಲಿಲ್ಲ. ಒಂದರ ಹಿಂದೆ ಒಂದು ಅರ್ಜಿ ಹಾಕಿದ್ದೂ ತಪ್ಪಾಗಿತ್ತು. ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ, ಸಾಲಕ್ಕೆ ಹಪಹಪಿಸುವವರು ಎಂಬ ಅರ್ಥ ಕೊಡುತ್ತದೆ.

ಆಮೇಲೆ ಮಾಡಿದ್ದು ಇಷ್ಟು. ಹಳೆಯ ಬ್ಯಾಂಕಿಗೆ ಪತ್ರ ಬರೆದು, ಬಿಟ್ಟುಕೊಟ್ಟಿದ್ದ 31,000ವನ್ನು ಎರಡು ಕಂತಿನಲ್ಲಿ ಕಟ್ಟಿದೆ. ಬಾಕಿ ಏನೂ ಇಲ್ಲ ಎಂಬ ಬೇಬಾಕಿ ಪತ್ರ ತೆಗೆದುಕೊಂಡೆ. ವರದಿಯಲ್ಲಿ 'ಕ್ಲೋಸ್ಡ್' ಎಂದು ಬದಲಾಯಿತು. ನಂತರ 25,000 ಠೇವಣಿ ಇಟ್ಟು ಅದರ ಮೇಲೆ 20,000 ಮಿತಿಯ ಕಾರ್ಡ್ ತೆಗೆದುಕೊಂಡೆ. ಠೇವಣಿಯೇ ಭದ್ರತೆಯಾಗಿರುವುದರಿಂದ ಹಳೆಯ ದಾಖಲೆ ಕೆಟ್ಟಿದ್ದರೂ ಇದನ್ನು ಕೊಡುತ್ತಾರೆ. ತಿಂಗಳಿಗೆ ಮೂರು ನಾಲ್ಕು ಸಾವಿರದ ದಿನಸಿ ಮಾತ್ರ ಅದರಲ್ಲಿ, ಬಿಲ್ಲು ಬಂದ ದಿನವೇ ಪೂರ್ತಿ ಪಾವತಿ. ಒಂದೂವರೆ ವರ್ಷ ಹೀಗೆ ನಡೆಸಿದೆ. ಈ ಫೆಬ್ರವರಿಯಲ್ಲಿ ಮನೆ ಸಾಲ ಮಂಜೂರಾಯಿತು. ಗೋಪಾಳದ ಆ ಮನೆ ಬೇರೆಯವರ ಪಾಲಾಗಿತ್ತು, ವಿನೋಬನಗರದಲ್ಲಿ ಇನ್ನೊಂದು ಸಿಕ್ಕಿತು.

ಅಣ್ಣಾ, ಆ ಮೂರು ವರ್ಷ ನನಗೆ ವಾಪಸ್ ಬರಲಿಲ್ಲ. ನಿಮಗೆ ಹಾಗಾಗುವುದು ಬೇಡ.

ಗಾಂಧಿ ಬಜಾರಿನ ವರ್ತಕ · 23 ಜುಲೈ 2024

ಒಂದು ಎಚ್ಚರಿಕೆ ಸೇರಿಸುತ್ತೇನೆ. ಒಂದು ಕಾರ್ಡಿನ ಬಾಕಿ ತೀರಿಸಲು ಇನ್ನೊಂದು ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಬೇಡಿ. ನಾನು ಹಬ್ಬದ ಹಂಗಾಮಿನಲ್ಲಿ ಸರಕಿಗೆಂದು ಹಾಗೆ ಮಾಡಿದ್ದೆ. ನಗದಿಗೆ ಬಡ್ಡಿರಹಿತ ದಿನವೇ ಇಲ್ಲ, ತೆಗೆದ ಗಳಿಗೆಯಿಂದ ಬಡ್ಡಿ, ಮೇಲೆ ಶುಲ್ಕ ಬೇರೆ. ಐದು ನಿಮಿಷದಲ್ಲಿ ಸಾಲ ಕೊಡುವ ಮೊಬೈಲ್ ಆ್ಯಪ್‌ಗಳ ಕಡೆ ಕಣ್ಣೆತ್ತಿಯೂ ನೋಡಬೇಡಿ. ಮೀಟರ್ ಬಡ್ಡಿಯವರ ಮನೆಯ ಕಡೆಗಂತೂ ಕಾಲಿಡಲೇಬೇಡಿ.

ಹೊಸನಗರದ ತೋಟದವನು · 25 ಜುಲೈ 2024

ಎಲ್ಲರಿಗೂ ಕೈಮುಗಿಯುತ್ತೇನೆ. ಅಪ್ಪ ಗುಣವಾಗಿದ್ದಾರೆ, ತೋಟದವರೆಗೆ ನಡೆದು ಹೋಗುತ್ತಾರೆ.

ಗುಮಾಸ್ತರು ಹೇಳಿದಂತೆ ಬಿಲ್ಲು ತೆಗೆದು ನೋಡಿದೆ. ಎರಡೂ ಕಾರ್ಡಿಗೆ ತಿಂಗಳಿಗೆ ಶೇ. 3.5. ಒಟ್ಟು ಸೇರಿ ತೆರಿಗೆ ಸಹಿತ ತಿಂಗಳಿಗೆ 7,400 ರೂಪಾಯಿ ಬಡ್ಡಿಗೇ ಹೋಗುತ್ತಿದೆ. ಪರರ ಅಂಗಡಿಯ ಲೆಕ್ಕವನ್ನು ಪೈಸೆ ಬಿಡದೆ ಬರೆಯುವವನು ನನ್ನ ಬಿಲ್ಲಿನ ಎರಡನೆಯ ಪುಟವನ್ನು ಎಂಟು ತಿಂಗಳಿನಿಂದ ತೆರೆದಿರಲಿಲ್ಲ. ಭಯಕ್ಕೆ.

ನಿನ್ನೆ ರಾತ್ರಿ ಹೆಂಡತಿಗೆ ಎಲ್ಲ ಹೇಳಿದೆ. ಅವಳಿಗೆ ಗೊತ್ತಿದ್ದದ್ದು ಒಂದೇ ಕಾರ್ಡ್. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಳಗೆ ಹೋಗಿ ಒಂದು ಹಳೆಯ ಕುಂಕುಮದ ಡಬ್ಬಿ ತಂದು ನನ್ನ ಮುಂದಿಟ್ಟಳು. ಎರಡು ಬಳೆ, ಅವಳ ತವರಿನಲ್ಲಿ ಕೊಟ್ಟ ಅವಲಕ್ಕಿ ಸರ. "ಸಾಲ ಮಾಡಿದ್ದಕ್ಕೆ ಸಿಟ್ಟಿಲ್ಲ, ಮಾವನಿಗೆ ತಾನೆ ಖರ್ಚಾದದ್ದು. ಎಂಟು ತಿಂಗಳು ಒಬ್ಬರೇ ಇಟ್ಟುಕೊಂಡಿರಲ್ಲ, ಅದಕ್ಕೆ ಸಿಟ್ಟಿದೆ," ಎಂದಳು.

ಸರ್, ಒಡವೆ ಇಡಲು ಮನಸ್ಸು ಒಪ್ಪುತ್ತಿಲ್ಲ. ಅಡ ಇಡುವುದು ಸರಿಯೇ?

ಸಾಗರದ ನಿವೃತ್ತ ಗುಮಾಸ್ತ · 26 ಜುಲೈ 2024

ಸರಿ. ಮನಸ್ಸು ಯಾಕೆ ಒಪ್ಪುವುದಿಲ್ಲ ಎಂಬುದು ನನಗೆ ಗೊತ್ತಿದೆ, ಆದರೂ ಸರಿ. ಬ್ಯಾಂಕಿನ ಚಿನ್ನದ ಸಾಲ ವರ್ಷಕ್ಕೆ ಶೇ. 9ರ ಆಸುಪಾಸಿನಲ್ಲಿ ಸಿಗುತ್ತದೆ. ಒಂದೂವರೆ ಲಕ್ಷಕ್ಕೆ ತಿಂಗಳಿಗೆ 1,125. ನೀವು ಈಗ ತೆರುತ್ತಿರುವ 7,400ರ ಪಕ್ಕದಲ್ಲಿ ಇಟ್ಟು ನೋಡಿ. ನಿಮಗೆ ಮುಖ್ಯವಾದ ಇನ್ನೊಂದು ಅನುಕೂಲವೆಂದರೆ ಅಸಲನ್ನು ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಬಗೆಯ ಚಿನ್ನದ ಸಾಲವೂ ಇದೆ. ಅಡಿಕೆ ಮಾರಿ ತೀರಿಸುವವರಿಗೆ ಒಪ್ಪುವ ಸಾಲ ಅದು. ನಿಮ್ಮ ಕಷ್ಟದ ಬೇರು ಇರುವುದೇ ಇಲ್ಲಿ: ವರ್ಷದ ಆದಾಯಕ್ಕೆ ತಿಂಗಳ ಸಾಲವನ್ನು ಕಟ್ಟಿಹಾಕಿದ್ದೀರಿ.

ಒಂದು ಕಿವಿಮಾತು. ಎಲ್ಲ ಒಡವೆಯನ್ನೂ ಒಂದೇ ಸಾಲಕ್ಕೆ ಇಡಬೇಡಿ. ಬಳೆಗೆ ಒಂದು, ಸರಕ್ಕೆ ಒಂದು, ಹೀಗೆ ಎರಡು ಖಾತೆ ಮಾಡಿಸಿ. ಅರ್ಧ ದುಡ್ಡು ಬಂದಾಗ ಬಳೆಯನ್ನಾದರೂ ಬಿಡಿಸಿಕೊಳ್ಳಬಹುದು. ಒಂದೇ ಖಾತೆಯಾದರೆ ಪೂರ್ತಿ ತೀರುವವರೆಗೆ ಎಲ್ಲವೂ ಪೆಟ್ಟಿಗೆಯಲ್ಲೇ ಇರಬೇಕಾದೀತು.

ಹಣ ಕೈಗೆ ಬರುವ ಮೊದಲೇ ಮೊದಲ ಕಾರ್ಡಿನ ಬ್ಯಾಂಕಿಗೆ ಇಮೇಲ್ ಬರೆಯಿರಿ, ಕರೆಯಲ್ಲಿ ಮಾತನಾಡಿ ಬಿಡಬೇಡಿ. ಪೂರ್ತಿ ಅಸಲು ಕಟ್ಟುತ್ತೇನೆ, ತಡ ಶುಲ್ಕ ಮತ್ತು ಬಡ್ಡಿಯಲ್ಲಿ ಸ್ವಲ್ಪ ಬಿಡಿ, ಖಾತೆಯನ್ನು 'ಕ್ಲೋಸ್ಡ್' ಎಂದೇ ವರದಿ ಮಾಡುತ್ತೇವೆ ಎಂದು ಬರಹದಲ್ಲಿ ಕೊಡಿ, ಎಂದು ಕೇಳಿ. ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಹಣ ಕಟ್ಟಬೇಡಿ. ಏಜೆಂಟನ ಸ್ವಂತ ಯುಪಿಐಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಹಾಗೆ ಕಟ್ಟಿ, ರಸೀದಿಯೂ ಇಲ್ಲದೆ ಬ್ಯಾಂಕಿನಲ್ಲೂ ಜಮೆಯಾಗದೆ ಅತ್ತವರನ್ನು ನೋಡಿದ್ದೇನೆ.

ರಾತ್ರಿಯ ಕರೆಗಳ ವಿಷಯ. ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಬಂಧುಗಳನ್ನು, ಸ್ನೇಹಿತರನ್ನು ಕಾಡುವುದಕ್ಕೂ ಅವಕಾಶವಿಲ್ಲ. ನಿಮ್ಮ ಭಾವನಿಗೆ ಬಂದ ಕರೆಯ ದಿನಾಂಕ, ಸಮಯ, ಸಂಖ್ಯೆಯನ್ನು ಬರೆದು ಬ್ಯಾಂಕಿನ ದೂರು ವಿಭಾಗಕ್ಕೆ ಕಳುಹಿಸಿ. ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಡಬಹುದು, ಶುಲ್ಕವಿಲ್ಲ. 14448ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ.

ಟವರ್ ಇಲ್ಲದೆ ತಪ್ಪಿದ ಗಡುವಿನ ಬಗ್ಗೆಯೂ ತಿಳಿದಿರಲಿ. ಗಡುವು ಮುಗಿದು ಮೂರು ದಿನ ದಾಟಿದ ಮೇಲಷ್ಟೇ ತಡ ಶುಲ್ಕ ಹಾಕಬಹುದು, ಕ್ರೆಡಿಟ್ ವರದಿ ಇಡುವ ಸಂಸ್ಥೆಗಳಿಗೆ ತಿಳಿಸಬಹುದು. ಮೂರು ದಾಟಿದರೆ ತಡವಾದ ದಿನಗಳ ಎಣಿಕೆ ಮೂಲ ಗಡುವಿನಿಂದಲೇ. ನಿಮ್ಮದು ನಾಲ್ಕು ದಿನವಾಯಿತು, ಏನು ಮಾಡುವುದು.

ತೀರ್ಥಹಳ್ಳಿ ಬೆಳೆಗಾರ · 26 ಜುಲೈ 2024

ಎರಡು ಖಾತೆಯ ವಿಷಯ ಇಷ್ಟು ವರ್ಷ ನನಗೂ ತಿಳಿದಿರಲಿಲ್ಲ. ನಮ್ಮ ಮನೆಯ ಒಡವೆಯೆಲ್ಲ ಒಂದೇ ಚೀಟಿಯಲ್ಲಿ ಇದೆ.

ಭದ್ರಾವತಿಯಿಂದ · 2 ಆಗಸ್ಟ್ 2024

ಶಿವಮೊಗ್ಗ ಬಸ್ ನಿಲ್ದಾಣದ ಬಳಿ 'ಸಿಬಿಲ್ ಸ್ಕೋರ್ ಸರಿಪಡಿಸಿಕೊಡುತ್ತೇವೆ' ಎಂಬ ಕರಪತ್ರ ಹಂಚುತ್ತಿದ್ದರು. 15,000 ಕೇಳುತ್ತಾರೆ. ನನ್ನ ತಂಗಿಯ ಗಂಡ ಕೊಡಲು ಹೊರಟಿದ್ದಾರೆ. ಇದು ನಿಜವೇ?

ಸಾಗರದ ನಿವೃತ್ತ ಗುಮಾಸ್ತ · 2 ಆಗಸ್ಟ್ 2024

ಇವತ್ತೇ ತಡೆಯಿರಿ. ಸರಿಯಾಗಿ ದಾಖಲಾದ, ತಪ್ಪಿದ ಕಂತನ್ನು ಯಾರೂ ಅಳಿಸಲಾರರು. ತಪ್ಪಾಗಿ ದಾಖಲಾದದ್ದನ್ನು ತಿದ್ದಿಸಲು ದುಡ್ಡು ಬೇಕಿಲ್ಲ. ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅವುಗಳ ಜಾಲತಾಣದಲ್ಲೇ ಆಕ್ಷೇಪಣೆ ಸಲ್ಲಿಸಬಹುದು. ಮೂವತ್ತು ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ ಈ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಹೊಸನಗರದವರೇ, ನೀವೂ ವರದಿ ತರಿಸಿಕೊಂಡು ನೋಡಿ. ಅಂಕ, ಅಂದರೆ ಸ್ಕೋರ್, 300ರಿಂದ 900ರವರೆಗೆ ಇರುತ್ತದೆ. ಅಂಕಕ್ಕಿಂತ ಮೊದಲು ಪ್ರತಿ ಸಾಲದ ಕೆಳಗಿರುವ ತಿಂಗಳುವಾರು ಚೌಕಗಳನ್ನು ನೋಡಿ. ಸರಿಯಾದ ತಿಂಗಳಿಗೆ 000, ತಪ್ಪಿದ ತಿಂಗಳಿಗೆ ಎಷ್ಟು ದಿನ ತಡವೋ ಆ ಸಂಖ್ಯೆ. ಅರ್ಜಿ ಬಂದಾಗ ನಾವು ಮೊದಲು ಓದುತ್ತಿದ್ದದ್ದು ಆ ಚೌಕಗಳನ್ನೇ.

ಹೊಸನಗರದ ತೋಟದವನು · 14 ಸೆಪ್ಟೆಂಬರ್ 2024

ಆದದ್ದನ್ನು ಬರೆಯುತ್ತೇನೆ.

ಬ್ಯಾಂಕಿಗೆ ಮೂರು ಇಮೇಲ್ ಬರೆದೆ. ಮೊದಲನೆಯದಕ್ಕೆ ಯಂತ್ರದ ಉತ್ತರ ಬಂತು. ಎರಡನೆಯದಕ್ಕೆ ಅದೇ ಸೆಟ್ಲ್‌ಮೆಂಟ್ ಮಾತು. ಮೂರನೆಯದರಲ್ಲಿ ಭಾವನಿಗೆ ಬಂದ ಕರೆಗಳ ಪಟ್ಟಿಯನ್ನೂ ಲಗತ್ತಿಸಿದೆ. ಹನ್ನೊಂದು ದಿನಕ್ಕೆ ಒಬ್ಬ ಅಧಿಕಾರಿ ಕರೆ ಮಾಡಿ ಸಮಾಧಾನದಿಂದ ಮಾತನಾಡಿದರು, ಅಂದಿನಿಂದ ರಾತ್ರಿಯ ಕರೆ ನಿಂತಿತು. ತಡ ಶುಲ್ಕ, ಬಡ್ಡಿಯ ಒಂದು ಪಾಲು ಬಿಟ್ಟು 1,03,000ಕ್ಕೆ ಖಾತೆ ಪೂರ್ಣ ಮುಕ್ತಾಯ ಎಂಬ ಪತ್ರ ಬಂತು. 'ಕ್ಲೋಸ್ಡ್' ಎಂಬ ಪದ ಅದರಲ್ಲಿದೆ. ನಾಲ್ಕು ಸಲ ಓದಿದೆ.

ಚಿನ್ನದ ಸಾಲ ಒಂದೂವರೆ ಲಕ್ಷ, ಎರಡು ಖಾತೆ. ಅಕ್ಕಸಾಲಿಗರು ಬಳೆಯನ್ನು ಕಲ್ಲಿಗೆ ಉಜ್ಜಿ ನೋಡುವಾಗ ಹೆಂಡತಿ ಮುಖ ಬೇರೆ ಕಡೆ ತಿರುಗಿಸಿಕೊಂಡಳು. 1,03,000 ಮೊದಲ ಕಾರ್ಡಿಗೆ ಹೋಯಿತು. ಉಳಿದ 47,000 ಎರಡನೆಯದಕ್ಕೆ. ಅದರಲ್ಲಿ ಬಡ್ಡಿ ಸೇರಿ ಇನ್ನೂ ಉಳಿದ 24,000ವನ್ನು ಹನ್ನೆರಡು ಕಂತು ಮಾಡಿಸಿದ್ದೇನೆ, ತಿಂಗಳಿಗೆ ಸುಮಾರು 2,200. ಸಂಬಳದಲ್ಲಿ ಹೊಂದುತ್ತದೆ.

ವರದಿಯನ್ನೂ ತರಿಸಿದೆ. ಅಂಕ 584. ಆದರೆ ಅಲ್ಲಿ ಇನ್ನೊಂದು ಸಂಗತಿ ಕಂಡಿತು. 2019ರಲ್ಲಿ ತೀರಿಸಿದ ಬೈಕ್ ಸಾಲದಲ್ಲಿ 1,847 ರೂಪಾಯಿ ಬಾಕಿ, ಐದು ವರ್ಷದಿಂದ! ಬೇಬಾಕಿ ಪತ್ರಕ್ಕಾಗಿ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಪಹಣಿ, ಅಜ್ಜನ ಕಾಲದ ಕಂದಾಯ ರಸೀದಿಗಳ ನಡುವೆ ಸಿಕ್ಕಿತು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಒಂದು ಮೂಲೆ ಕಪ್ಪಾಗಿತ್ತು, ಸಹಿ ಮತ್ತು ಮೊಹರು ಉಳಿದಿದ್ದವು. ಒಲೆಯ ಮೇಲಿನ ತಟ್ಟಿಯಲ್ಲಿ ಒಂದು ರಾತ್ರಿ ಒಣಗಿಸಿ, ಬೆಳಿಗ್ಗೆ ಫೋಟೋ ತೆಗೆದು ಆಕ್ಷೇಪಣೆಯ ಜೊತೆ ಹಾಕಿದೆ.

ದುರ್ಗಿಗುಡಿಯ ದಾದಿ · 14 ಸೆಪ್ಟೆಂಬರ್ 2024

ಅಣ್ಣಾ, ಓದಿ ಕಣ್ಣು ತುಂಬಿತು. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ.

ಎರಡನೆಯ ಕಾರ್ಡಿಗೆ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಹಣ ಹೋಗುವ ವ್ಯವಸ್ಥೆ ಮಾಡಿಸಿಬಿಡಿ, ಟವರಿನ ಹಂಗೇ ಬೇಡ. ಮಾಡಿಸುವಾಗ 'ಕನಿಷ್ಠ ಮೊತ್ತ' ಮತ್ತು 'ಪೂರ್ಣ ಮೊತ್ತ' ಎಂದು ಎರಡು ಆಯ್ಕೆ ಇರುತ್ತದೆ. ಪೂರ್ಣ ಮೊತ್ತವನ್ನೇ ಆರಿಸಿ. ನಾನು ಮೊದಲ ಸಲ ನೋಡದೆ ಕನಿಷ್ಠ ಆರಿಸಿ ಎರಡು ತಿಂಗಳು ಬಡ್ಡಿ ಕಟ್ಟಿದೆ.

ಗಾಂಧಿ ಬಜಾರಿನ ವರ್ತಕ · 15 ಸೆಪ್ಟೆಂಬರ್ 2024

ಬಿಲ್ಲಿನ ತಾರೀಖನ್ನೂ ಬದಲಿಸಿಕೊಳ್ಳಬಹುದು. ಕನಿಷ್ಠ ಒಂದು ಸಲ ಆ ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಸಂಬಳ ಬಂದ ವಾರದಲ್ಲೇ ಗಡುವು ಬೀಳುವಂತೆ ಮಾಡಿಸಿಕೊಳ್ಳಿ. ನಾನು ಹಾಗೆ ಮಾಡಿದ ಮೇಲೆ ಒಂದೂ ತಪ್ಪಿಲ್ಲ.

ತೀರ್ಥಹಳ್ಳಿ ಬೆಳೆಗಾರ · 15 ಸೆಪ್ಟೆಂಬರ್ 2024

ಎರಡನೆಯ ಕಾರ್ಡನ್ನೂ ಮುಚ್ಚಿಬಿಡು ಎಂದೇ ನಾನು ಈಗಲೂ ಹೇಳುತ್ತೇನೆ ತಮ್ಮಾ.

ಸಾಗರದ ನಿವೃತ್ತ ಗುಮಾಸ್ತ · 16 ಸೆಪ್ಟೆಂಬರ್ 2024

ಬೆಳೆಗಾರರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಕಾರ್ಡ್ ಕೈಯಲ್ಲಿದ್ದರೆ ಖರ್ಚು ಮಾಡದೆ ಇರಲಾರೆ ಎನ್ನುವವರು ಮುಚ್ಚುವುದೇ ಮೇಲು. ಬಾಕಿ ತೀರಿಸಿ ಮುಚ್ಚಲು ಕೇಳಿದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ಗ್ರಾಹಕರಿಗೆ ಕೊಡಬೇಕು. ಆದರೆ ಹೊಸನಗರದವರಿಗೆ ಈಗ ಬೇಕಾಗಿರುವುದು ಸರಿಯಾಗಿ ಕಟ್ಟಿದ ತಿಂಗಳುಗಳು. ಕಟ್ಟಲು ಒಂದು ಸಾಲವೇ ಇಲ್ಲದಿದ್ದರೆ ಆ 000 ಎಲ್ಲಿ ಬೀಳಬೇಕು? ಮಿತಿಯ ಕಾಲು ಭಾಗ ದಾಟದಂತೆ ಸಣ್ಣದಾಗಿ ಬಳಸಲಿ. ಮಗಳ ಅರ್ಜಿಯ ಹೊತ್ತಿಗೆ ಇಪ್ಪತ್ತು ಚೌಕಗಳಾದರೂ ತುಂಬಿರುತ್ತವೆ.

ಹೊಸನಗರದ ತೋಟದವನು · 19 ಜನವರಿ 2025

ಬೈಕ್ ಸಾಲದ ಬಾಕಿ ವರದಿಯಿಂದ ಹೋಯಿತು. ಇಪ್ಪತ್ತಾರು ದಿನ ಹಿಡಿಯಿತು. ಮೊದಲ ಕಾರ್ಡಿನ ಖಾತೆ 'ಕ್ಲೋಸ್ಡ್' ಆಗಿದೆ, ಆದರೆ ತಪ್ಪಿದ ತಿಂಗಳುಗಳ ಸಂಖ್ಯೆಗಳು ಹಾಗೆಯೇ ಇವೆ. ಅಂಕ 641. ಸರ್, ಇನ್ನೂ ಇಷ್ಟೇ ಏಕೆ?

ಸಾಗರದ ನಿವೃತ್ತ ಗುಮಾಸ್ತ · 19 ಜನವರಿ 2025

ನಾಲ್ಕು ತಿಂಗಳಿಗೆ 57 ಏರಿದೆ. ಅವಸರ ಬೇಡ. ಹಳೆಯ ತಪ್ಪು ಅಳಿಯುವುದಿಲ್ಲ, ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಈ ತಿಂಗಳಿನಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳುಹಿಸಬೇಕಾಗಿರುವುದರಿಂದ ನೀವು ಕಟ್ಟಿದ್ದು ಬೇಗ ದಾಖಲಾಗುತ್ತದೆ. ಕೊಯ್ಲು ಹೇಗಿದೆ?

ಹೊಸನಗರದ ತೋಟದವನು · 20 ಜನವರಿ 2025

ಅಡಿಕೆ ಗೊನೆ ಇಳಿಸುವುದು ಮುಗಿಯುತ್ತಾ ಬಂತು. ಕಳೆದ ವರ್ಷಕ್ಕಿಂತ ವಾಸಿ. ಅಂಗಳದ ತುಂಬ ಅಡಿಕೆ ಹರಡಿದೆ, ಅಪ್ಪ ಕಾವಲು ಕುಳಿತಿದ್ದಾರೆ.

ಹೊಸನಗರದ ತೋಟದವನು · 9 ಏಪ್ರಿಲ್ 2025

ರಾಶಿ ಅಡಿಕೆ ಮಾರಿದೆವು. ಸೊಸೈಟಿಯ ಸಾಲವನ್ನು ಗಡುವಿನೊಳಗೆ ಕಟ್ಟಿದೆ. ಮುಂದಿನ ಮಳೆಗಾಲದ ಔಷಧಿಗೆ ಬೇರೆ ಎತ್ತಿಟ್ಟೆ. ಉಳಿದದ್ದರಲ್ಲಿ ಬಳೆಯ ಖಾತೆ ತೀರಿಸಿದೆ. ಸರದ ಖಾತೆಗೆ ಬಡ್ಡಿ ಕಟ್ಟಿದ್ದೇನೆ, ಅದು ಮುಂದಿನ ಅಡಿಕೆಗೆ. ಗುಮಾಸ್ತರೇ, ಎರಡು ಖಾತೆ ಮಾಡಿಸದಿದ್ದರೆ ಇವತ್ತು ಬರಿಗೈಯಲ್ಲೇ ಬರಬೇಕಿತ್ತು. ಹೆಂಡತಿ ಬ್ಯಾಂಕಿನಲ್ಲೇ ಬಳೆ ಹಾಕಿಕೊಂಡಳು. ಬಸ್ಸಿನಲ್ಲಿ ಬರುವಾಗ ಮಗಳು ಆ ಕೈಯನ್ನೇ ಹಿಡಿದು ಕುಳಿತಿದ್ದಳು.

ಅಂಕ 668. ಎರಡನೆಯ ಕಾರ್ಡಿನ ಕೆಳಗೆ ಏಳು ಚೌಕಗಳಲ್ಲಿ 000 ಇದೆ.

ತೀರ್ಥಹಳ್ಳಿ ಬೆಳೆಗಾರ · 9 ಏಪ್ರಿಲ್ 2025

ಬಹಳ ಸಂತೋಷವಾಯಿತು ತಮ್ಮಾ. ಆ ಕಾರ್ಡಿನಲ್ಲಿ ಈಗ ಏನು ಖರ್ಚು ಮಾಡುತ್ತೀಯೆ?

ಹೊಸನಗರದ ತೋಟದವನು · 9 ಏಪ್ರಿಲ್ 2025

ಕಂತಿನ ಜೊತೆಗೆ ಕರೆಂಟ್ ಬಿಲ್ಲು ಮತ್ತು ಬೈಕಿನ ಪೆಟ್ರೋಲ್ ಅಷ್ಟೇ ಅಣ್ಣಾ. ಈ ತಿಂಗಳು ಎಲ್ಲ ಸೇರಿ 3,340. ಗಡುವು 18ಕ್ಕೆ. ಹಣ ತಾನಾಗಿಯೇ ಹೋಗುತ್ತದೆ, ಆದರೂ ಮನಸ್ಸು ತಡೆಯದೆ ಈಗಷ್ಟೇ ಹಲಸಿನ ಮರದ ಬಳಿ ಹೋಗಿ ಕಟ್ಟಿ ಬಂದೆ. ಒಟಿಪಿ ಮೊದಲ ಸಲಕ್ಕೇ ಬಂತು.